ಹಾರ್ಡ್‌ಡಿಸ್ಕ್ ತರುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

"ಯಾವ ಕಂಪನಿ ಹಾರ್ಡ್‌ಡಿಸ್ಕ್ ಚಲೋ ಸರ್?" ಎಂದು ಕೇಳುವ ಪತ್ರಗಳೇ ಹೆಚ್ಚು. ತಿರುಗುವ ಹಾರ್ಡ್‌ಡಿಸ್ಕ್ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಉಳಿದಿರುವುದೇ ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಮೂವರಲ್ಲೂ ಒಳ್ಳೆಯ ಮಾಡೆಲ್‌ಗಳಿವೆ, ನಿಮ್ಮ ಕೆಲಸಕ್ಕೆ ಹೊಂದದ ಮಾಡೆಲ್‌ಗಳೂ ಇವೆ. ನೀವು ಕಂಪ್ಯೂಟರಿನಲ್ಲಿ ಮಾಡುವ ಕೆಲಸ ಏನು, ಕ್ಯಾಬಿನೆಟ್ಟಿನ ಒಳಗೆ ಏನೇನಿದೆ ಎಂಬುದು ಗೊತ್ತಾಗದೆ ಹೆಸರು ಹೇಳಿ ಉಪಯೋಗವಿಲ್ಲ. ಅಷ್ಟನ್ನಾದರೂ ಬರೆದು ಕಳಿಸಿದವರ ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಫೋಟೊ ಸ್ಟುಡಿಯೊ. ಮದುವೆ ವಿಡಿಯೊ ಈಗ ಎಲ್ಲರೂ 4ಕೆ ಕೇಳುತ್ತಾರೆ. ಎಡಿಟಿಂಗ್ ಪಿಸಿಯಲ್ಲಿ 256 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಮತ್ತು 1 ಟಿಬಿ ಹಾರ್ಡ್‌ಡಿಸ್ಕ್ ಇವೆ. ಹಾರ್ಡ್‌ಡಿಸ್ಕ್ ತುಂಬಿಹೋಗಿದೆ. 4 ಟಿಬಿ ಹಾಕಬೇಕೆಂದು ಕೇಳಿದರೆ ಅಂಗಡಿಯವರು ಸಿಸಿಟಿವಿಗೆ ಹಾಕುವ ಪರ್ಪಲ್ ಡಿಸ್ಕ್ ತೋರಿಸಿ "ಇದನ್ನ ಹಾಕ್ರಿ, ಗಟ್ಟಿ ಐತಿ" ಅಂತಾರೆ. ಹಾಕಬಹುದೇ? ನಾನೇ ಜೋಡಿಸಿಕೊಳ್ಳಬಹುದೇ?

ಉತ್ತರ: ಎರಡಕ್ಕೂ ಹೌದು. ಆದರೆ ಮೊದಲು ಲೆಕ್ಕ ಹಾಕೋಣ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ 4ಕೆ ರೆಕಾರ್ಡ್ ಮಾಡಿದರೆ ತಾಸಿಗೆ 45 ಜಿಬಿ ಆಗುತ್ತದೆ. ಎರಡು ಕ್ಯಾಮೆರಾ, ಅರಿಷಿಣದಿಂದ ಅಕ್ಕಿಕಾಳಿನ ತನಕ ತಲಾ ನಾಲ್ಕು ತಾಸು ಎಂದಿಟ್ಟುಕೊಂಡರೆ ಒಂದು ಮದುವೆಗೆ 360 ಜಿಬಿ. ಅಂದರೆ 4 ಟಿಬಿ ಎನ್ನುವುದು ಹತ್ತು ಮದುವೆಯ ಮಾತು. ಹೊಸ ಡಿಸ್ಕನ್ನು ಕೈಯಲ್ಲಿರುವ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಆಲ್ಬಂ, ಪೆನ್‌ಡ್ರೈವ್ ಕೊಟ್ಟು ಬಾಕಿ ವಸೂಲಾದ ಮದುವೆಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸುವ ರೂಢಿ ಮಾಡಿಕೊಳ್ಳದಿದ್ದರೆ ಮುಂದಿನ ಬೇಸಿಗೆಗೆ ಇದೇ ಪ್ರಶ್ನೆ ಮತ್ತೆ ಬರೆಯುತ್ತೀರಿ.

ಇನ್ನು ಆಯ್ಕೆ. ಡಬ್ಬಿಯ ಮೇಲೆ ಎದ್ದು ಕಾಣದ, ಆದರೆ ನಿಮ್ಮ ಕೆಲಸಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಒಂದಿದೆ: ಡಿಸ್ಕ್ ಸಿಎಂಆರ್ ಬಗೆಯದೋ ಎಸ್‌ಎಂಆರ್ ಬಗೆಯದೋ ಎಂಬುದು. ಸಿಎಂಆರ್ ಡಿಸ್ಕಿನಲ್ಲಿ ದತ್ತಾಂಶದ ಸಾಲುಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ಇರುತ್ತವೆ. ಎಸ್‌ಎಂಆರ್ ಡಿಸ್ಕಿನಲ್ಲಿ ಅವು ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ, ಓದುವಾಗ ತೊಂದರೆಯೂ ಇಲ್ಲ. ಆದರೆ ನಡುವಿನ ಒಂದು ಸಾಲನ್ನು ತಿದ್ದಬೇಕಾದರೆ ಅದರ ಮುಂದಿನ ಸಾಲುಗಳನ್ನೂ ಮತ್ತೆ ಬರೆಯಬೇಕು. ಸಣ್ಣ ಫೈಲುಗಳಿಗೆ ಇದು ಗೊತ್ತೇ ಆಗುವುದಿಲ್ಲ. ಒಂದೇ ಬಾರಿಗೆ 300 ಜಿಬಿ ಸುರಿದಾಗ ಮೊದಲು ಸೆಕೆಂಡಿಗೆ 150 ಎಂಬಿ ಓಡಿದ ಕಾಪಿ ಸ್ವಲ್ಪ ಹೊತ್ತಿಗೆ 30 ಎಂಬಿಗೆ ಕುಸಿದು ಕೂತುಬಿಡಬಹುದು. ಸೀಗೇಟಿನ ಸಾಮಾನ್ಯ ಬಾರಾಕುಡಾ 4 ಟಿಬಿ, ಅಂದರೆ ಎಸ್‌ಟಿ4000ಡಿಎಂ004, ಎಸ್‌ಎಂಆರ್. ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಡಿಸ್ಕುಗಳಲ್ಲೂ ಇದನ್ನು ಸದ್ದಿಲ್ಲದೆ ಸೇರಿಸಿತ್ತು. 2020ರಲ್ಲಿ ಗ್ರಾಹಕರು ಗಲಾಟೆ ಎಬ್ಬಿಸಿದ ಮೇಲೆ ಪಟ್ಟಿ ಪ್ರಕಟಿಸಿ, ಸಿಎಂಆರ್ ಮಾಡೆಲ್‌ಗಳಿಗೆ ರೆಡ್ ಪ್ಲಸ್ ಎಂದು ಬೇರೆ ಹೆಸರಿಟ್ಟಿತು. ಈಗ ಕಂಪನಿಗಳ ಜಾಲತಾಣದಲ್ಲೇ ಮಾಡೆಲ್ ಸಂಖ್ಯೆ ಹಾಕಿ ನೋಡಬಹುದು. ಅಂಗಡಿಯಲ್ಲಿ ಡಿಸ್ಕ್ ಕೈಗೆ ಬಂದ ಕೂಡಲೇ ಲೇಬಲಿನ ಫೋಟೊ ತೆಗೆದುಕೊಂಡು ಅಲ್ಲೇ ಹುಡುಕಿ. ಅಂಗಡಿಯವರು ಮುಖ ಗಂಟಿಕ್ಕಿಕೊಂಡರೆ ಗಂಟಿಕ್ಕಿಕೊಳ್ಳಲಿ.

ಪರ್ಪಲ್ ಡಿಸ್ಕ್ ಹಗಲೂ ರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆ ಮಾಡಿದ್ದು. ಡಿವಿಆರ್, ಅಂದರೆ ಸಿಸಿಟಿವಿಯ ರೆಕಾರ್ಡರ್ ಕೊಡುವ ವಿಶೇಷ ಆಜ್ಞೆಗಳನ್ನು ಪಿಸಿ ಕೊಡುವುದಿಲ್ಲ, ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಅದು ಸಾಮಾನ್ಯ ಡಿಸ್ಕಿನಂತೆಯೇ ನಡೆಯುತ್ತದೆ. ಮಾಡೆಲ್ ಸಿಎಂಆರ್ ಆಗಿದ್ದರೆ ವಿಡಿಯೊ ಸಂಗ್ರಹಕ್ಕೆ ಧಾರಾಳವಾಗಿ ಹಾಕಿ. ಬೆಲೆ ಹೆಚ್ಚುಕಡಿಮೆ ಒಂದೇ ಇದ್ದರೆ ನಾನು ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಕಡೆ ವಾಲುತ್ತೇನೆ. ಐರನ್‌ವುಲ್ಫ್ ಎಲ್ಲವೂ ಸಿಎಂಆರ್. ಆದರೆ ಯಾವ ಹಾರ್ಡ್‌ಡಿಸ್ಕೂ ಎಡಿಟಿಂಗ್ ಸಾಫ್ಟ್‌ವೇರ್ ಕೆಲಸದ ನಡುವೆ ತಾನೇ ಬರೆದುಕೊಳ್ಳುವ ಕ್ಯಾಶ್, ಪ್ರಿವ್ಯೂ ಫೈಲುಗಳಿಗೆ ತಕ್ಕುದಲ್ಲ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ 4 ಟಿಬಿಯನ್ನು 6 ಮಾಡುವ ಬದಲು 1 ಟಿಬಿ ಎಸ್‌ಎಸ್‌ಡಿ ಸೇರಿಸಿ, ಈಗ ಎಡಿಟ್ ಆಗುತ್ತಿರುವ ಮದುವೆ ಅದರಲ್ಲಿರಲಿ.

ಕೊಳ್ಳುವಾಗ ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡುವುದು ಕಡ್ಡಾಯ. ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಇರಲಿ, ಆನ್‌ಲೈನ್ ಇರಲಿ, ಬೆಲೆ ಅನುಮಾನ ಬರುವಷ್ಟು ಕಡಿಮೆ ಎಂದರೆ ಬಳಸಿ ಬಿಚ್ಚಿದ ಮಾಲು ಇರಬಹುದು. 2025ರ ಆರಂಭದಲ್ಲಿ ಯುರೋಪಿನಲ್ಲಿ ಸಾವಿರಾರು ತಾಸು ಓಡಿದ ಸೀಗೇಟ್ ಡಿಸ್ಕುಗಳನ್ನು, ತಾಸಿನ ಲೆಕ್ಕ ಸೊನ್ನೆ ಮಾಡಿ, ಹೊಸದೆಂದು ಮಾರಿದ ಪ್ರಕರಣವೇ ಬಯಲಾಗಿತ್ತು.

ಜೋಡಿಸುವ ಕೆಲಸ ಅರ್ಧ ತಾಸಿನದು. ಡಿಸ್ಕ್ ತರುವ ಮುಂಚೆಯೇ ಪಕ್ಕದ ಬಾಗಿಲು ತೆಗೆದು ಮೂರು ನೋಡಿ: ಮದರ್‌ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಚುಚ್ಚುವ ಸಾಟಾ ಪೋರ್ಟ್ ಖಾಲಿ ಇದೆಯೇ, ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಬಂದ ಅಗಲವಾದ 15 ಪಿನ್ನಿನ ಸಾಟಾ ಪವರ್ ತುದಿ ಉಳಿದಿದೆಯೇ, ಮೂರೂವರೆ ಇಂಚಿನ ಡಿಸ್ಕ್ ಕೂರುವ ಖಾನೆ ಇದೆಯೇ. ನಿಮ್ಮ ಎಸ್‌ಎಸ್‌ಡಿ ಬೋರ್ಡಿಗೇ ನೇರ ಚುಚ್ಚುವ ಎಂ.2 ಬಗೆಯದಾಗಿದ್ದರೆ ಕೆಲವು ಬೋರ್ಡುಗಳಲ್ಲಿ ಅದು ಒಂದು ಸಾಟಾ ಪೋರ್ಟನ್ನು ಬಂದ್ ಮಾಡಿರುತ್ತದೆ. ಹೊಸ ಡಿಸ್ಕ್ ಕಾಣದಿದ್ದರೆ ಗಾಬರಿಯಾಗದೆ ಕೇಬಲನ್ನು ಬೇರೆ ಪೋರ್ಟಿಗೆ ಬದಲಿಸಿ. ಬಿಡಿ ಡಿಸ್ಕಿನ ಜೊತೆ ಸಾಮಾನ್ಯವಾಗಿ ಕೇಬಲೂ ಸ್ಕ್ರೂಗಳೂ ಬರುವುದಿಲ್ಲ, ಕೇಳಿ ತನ್ನಿ. ಪವರ್ ತುದಿ ಇಲ್ಲವೆಂದು ಹಳೆಯ ನಾಲ್ಕು ಪಿನ್ನಿನ ತುದಿಗೆ ಅಗ್ಗದ ಕನ್ವರ್ಟರ್ ಹಾಕಬೇಡಿ. ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಒಟ್ಟಿಗೆ ಎರಕ ಹೊಯ್ದ ಬಗೆಯವು ಶಾರ್ಟ್ ಆಗಿ ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಕರೆಂಟ್ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ನಂತರ ಡಿಸ್ಕನ್ನು ಅಂಚಿನಲ್ಲಿ ಹಿಡಿಯಿರಿ. ಕೆಳಗಿನ ಹಸಿರು ಬೋರ್ಡ್ ಮುಟ್ಟಬೇಡಿ. ಖಾನೆಗೆ ತಳ್ಳಿ ಎರಡೂ ಬದಿಗೆ ಎರಡೆರಡು ಸ್ಕ್ರೂ ಹಾಕಿ. ಒಂದೇ ಬದಿಗೆ ಬಿಗಿದು ಬಿಟ್ಟರೆ ಡಿಸ್ಕ್ ನಡುಗುತ್ತದೆ, ಸದ್ದೂ ಬರುತ್ತದೆ. ಉದ್ದ ಸ್ಕ್ರೂ ಬೇಡ, ಒಳಗೆ ಚುಚ್ಚುತ್ತದೆ. ಸಾಟಾ ತುದಿಗಳು ಒಂದೇ ದಿಕ್ಕಿಗೆ ಕೂರುವಂಥವು, ಒತ್ತಾಯ ಬೇಡ.

ಆನ್ ಮಾಡಿದ ಮೇಲೆ "ಡಿಸ್ಕ್ ಕಾಣುತ್ತಿಲ್ಲ" ಎಂದು ಫೋನ್ ಮಾಡುವವರೇ ಬಹಳ. ಹೊಸ ಡಿಸ್ಕ್ ತಾನಾಗಿ 'ದಿಸ್ ಪಿಸಿ'ಯಲ್ಲಿ ಬರುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅದು ಇನಿಶಿಯಲೈಸ್ ಮಾಡಲು ಕೇಳುತ್ತದೆ. ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಎರಡು ಬಗೆ ತೋರಿಸುತ್ತದೆ, ಅಲ್ಲಿ ಜಿಪಿಟಿ ಆರಿಸಿ. ಎಂಬಿಆರ್ ಆರಿಸಿದರೆ 2 ಟಿಬಿ ಮಾತ್ರ ಬಳಕೆಗೆ ಸಿಕ್ಕಿ, ಇನ್ನರ್ಧ ಕಪ್ಪು ಪಟ್ಟಿಯಾಗಿ ಸುಮ್ಮನೆ ಬಿದ್ದಿರುತ್ತದೆ. ಆಮೇಲೆ ಖಾಲಿ ಜಾಗದ ಮೇಲೆ ಬಲ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್. ಫಾರ್ಮ್ಯಾಟ್ ಮಾಡುತ್ತಿರುವುದು ಹೊಸ ಡಿಸ್ಕನ್ನೇ ಎಂದು ಗಾತ್ರ ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಕ್ವಿಕ್ ಫಾರ್ಮ್ಯಾಟ್ ಗುರುತನ್ನು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಏಳೆಂಟು ತಾಸು ಹಿಡಿಯುತ್ತದೆ. ಆದರೂ ಅದನ್ನೇ ಮಾಡಿ, ಹೊಸ ಡಿಸ್ಕಿನಲ್ಲಿ ದೋಷವಿದ್ದರೆ ಮದುವೆ ಅದರೊಳಗೆ ಹೋಗುವ ಮುಂಚೆಯೇ ಗೊತ್ತಾಗಲಿ.

ಹಳೆಯ 1 ಟಿಬಿಯಿಂದ ಹೊಸದಕ್ಕೆ ಸಾಗಿಸಿದ ಮೇಲೆ ಹಳೆಯದನ್ನು ಅದೇ ಕ್ಯಾಬಿನೆಟ್ಟಿನಲ್ಲಿ ಬಿಟ್ಟು "ಬ್ಯಾಕಪ್ ಇದೆ" ಎನ್ನಬೇಡಿ. ಎಸ್‌ಎಂಪಿಎಸ್ ಸಿಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಮತ್ತೊಂದು ಪ್ರತಿ ಮನೆಯಲ್ಲಿರಲಿ.

ಪ್ರಶ್ನೆ: ಬಳ್ಳಾರಿಯಲ್ಲಿ 2 ಟಿಬಿ ಡಿಸ್ಕ್ ಕೊಂಡೆ. ಕಂಪ್ಯೂಟರ್ 1.81 ಟಿಬಿ ತೋರಿಸುತ್ತಿದೆ. ಮೋಸ ಆಯ್ತಾ?

ಉತ್ತರ: ಇಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ. 1 ಟಿಬಿ ಕೊಂಡವರಿಗೂ 931 ಜಿಬಿಯೇ ಕಾಣುವುದು.

ಪ್ರಶ್ನೆ: ರಾಯಚೂರಿನಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಅದರಿ. ಕಂಪ್ಯೂಟರ್ ಹಳೇದು, ಎಚ್61 ಬೋರ್ಡ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಚಹಾ ಕುಡದು ಬಂದ್ರೂ ತೆರೆದಿರಂಗಿಲ್ಲ. ಗಿರಾಕಿ ಅರ್ಜಿ ಟೈಪ್ ಮಾಡಿಸಾಕ ನಿಂತಿರ್ತಾರ. ಎನ್‌ವಿಎಂಇ ಹಾಕಿದ್ರ ರಾಕೆಟ್ ಆಗ್ತದ ಅಂತಾರ, ಖರೇನಾ?

ಉತ್ತರ: ಎನ್‌ವಿಎಂಇ, ಅಂದರೆ ಸಾಟಾಕ್ಕಿಂತ ವೇಗದ ಬಗೆಯ ಎಸ್‌ಎಸ್‌ಡಿ, ಖರೇ ರಾಕೆಟ್ಟೇ, ಆದರೆ ನಿಮ್ಮ ಬೋರ್ಡಿನಲ್ಲಿ ಅದು ಕೂರುವ ಜಾಗವೇ ಇಲ್ಲ. ಕಾರ್ಡ್ ಹಾಕಿ ಕೂರಿಸಿದರೂ ಅಷ್ಟು ಹಳೆಯ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅದರಿಂದ ವಿಂಡೋಸ್ ಶುರು ಮಾಡುವುದು ಕಷ್ಟ. ನಿಮಗೆ ಬೇಕಾದದ್ದು 2.5 ಇಂಚಿನ ಸಾಮಾನ್ಯ ಸಾಟಾ ಎಸ್‌ಎಸ್‌ಡಿ, 240 ಅಥವಾ 500 ಜಿಬಿ. ಎಚ್61 ಚಿಪ್‌ಸೆಟ್‌ನ ಸಾಟಾ ಪೋರ್ಟುಗಳು ಹಳೆಯ 3 ಗಿಗಾಬಿಟ್ ಬಗೆಯವು, ಆದ್ದರಿಂದ ಸೆಕೆಂಡಿಗೆ 550 ಎಂಬಿ ಎಂದು ಡಬ್ಬಿ ಹೇಳಿದರೆ ನಿಮಗೆ ಅದರ ಅರ್ಧ ಸಿಗುತ್ತದೆ. ಚಿಂತೆ ಬೇಡ. ನಿಮ್ಮ ಕಂಪ್ಯೂಟರ್ ತೆವಳುತ್ತಿರುವುದು ಆ ವೇಗ ಸಾಲದೆ ಅಲ್ಲ. ಹಾರ್ಡ್‌ಡಿಸ್ಕಿನ ತಲೆ ಒಂದೊಂದು ಚೂರು ಫೈಲನ್ನು ಹುಡುಕಲು ಹತ್ತು-ಹದಿನೈದು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ವಿಂಡೋಸ್ ತೆರೆಯುವಾಗ ಅಂಥ ಸಾವಿರಾರು ಚೂರು ಬೇಕು. ಎಸ್‌ಎಸ್‌ಡಿಗೆ ಅದೇ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು. ವ್ಯತ್ಯಾಸ ಮೊದಲ ದಿನವೇ ಕಾಣುತ್ತದೆ.

ಹಳೆಯ ಡಿಸ್ಕನ್ನು ಇದ್ದಹಾಗೇ ನಕಲು, ಅಂದರೆ ಕ್ಲೋನ್ ಮಾಡಿಸುವುದಕ್ಕಿಂತ ಹೊಸದಾಗಿ ವಿಂಡೋಸ್ ಹಾಕಿಸಿ. ವರ್ಷಗಟ್ಟಲೆ ಕೂಡಿದ ಕಸ ಹೊಸ ಡಿಸ್ಕಿಗೂ ಏಕೆ ಬರಬೇಕು? ಶುರು ಮಾಡುವ ಮುಂಚೆ ನುಡಿ ಫಾಂಟುಗಳು, ಪ್ರಿಂಟರ್ ಡ್ರೈವರ್, ಡೆಸ್ಕ್‌ಟಾಪ್ ಮೇಲೆ ಇಟ್ಟ ಅರ್ಜಿ ನಮೂನೆಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್‌ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಫೈಲುಗಳು ಹಳೆಯದರಲ್ಲೇ ಕೂತುಕೊಂಡು, ಅದು ಕೆಟ್ಟ ದಿನ ಎಸ್‌ಎಸ್‌ಡಿಯೂ ಏಳುವುದಿಲ್ಲ. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇರಲಿ, ಅದನ್ನು ವಿಂಡೋಸ್ ಹಾಕುವ ಮುಂಚೆಯೇ ಬದಲಿಸಬೇಕು. ಎಲ್ಲ ಮುಗಿದ ಮೇಲೆ ಹಳೆಯದನ್ನು ಜೋಡಿಸಿ ಫೈಲು ಇಡಲು ಬಳಸಿ. ಒಂದು ಮಾತ್ರ ನೆನಪಿರಲಿ: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 11 ಈ ಬೋರ್ಡಿಗೆ ಅಧಿಕೃತವಾಗಿ ಬರುವುದಿಲ್ಲ. ಹಾಗಾಗಿ ಈ ಯಂತ್ರಕ್ಕೆ ದುಬಾರಿ ಎಸ್‌ಎಸ್‌ಡಿ ಬೇಡ. ನಾಳೆ ಹೊಸ ಕಂಪ್ಯೂಟರ್ ಕೊಂಡರೂ ಇದನ್ನು ಬಿಚ್ಚಿ ಅದಕ್ಕೆ ಹಾಕಿಕೊಳ್ಳಬಹುದು.

ಪ್ರಶ್ನೆ: ಸಂಡೂರಿನಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸ್ ಇದೆ. ಟ್ಯಾಲಿ ಇರುವ ಕಂಪ್ಯೂಟರಿನಲ್ಲಿ ಹಾರ್ಡ್‌ಡಿಸ್ಕ್‌ಗಳು ಮೇಲಿಂದ ಮೇಲೆ ಕೆಡುತ್ತಿವೆ. ಮೈನ್ಸ್ ಧೂಳು ಡಿಸ್ಕಿನ ಒಳಗೆ ಹೋಗುತ್ತದೆ ಎನ್ನುತ್ತಾರೆ ರಿಪೇರಿಯವರು. ಈಗಿನದೂ ಟಿಕ್ ಟಿಕ್ ಅನ್ನುತ್ತಿದೆ.

ಉತ್ತರ: ಅದಿರಿನ ಧೂಳು ಡಿಸ್ಕಿನ ಒಳಗೆ ಹೋಗುವುದಿಲ್ಲ. ಗಾಳಿಯಾಡುವ ಸಣ್ಣ ರಂಧ್ರಕ್ಕೂ ಒಳಗಿನಿಂದ ಫಿಲ್ಟರ್ ಇರುತ್ತದೆ. ಧೂಳು ಕೆಡಿಸುವುದು ಸುತ್ತು ದಾರಿಯಲ್ಲಿ: ಫ್ಯಾನ್, ಎಸ್‌ಎಂಪಿಎಸ್ ಜಾಳಿಗೆಗೆ ಕೆಂಪಗೆ ಮೆತ್ತಿಕೊಂಡು ಗಾಳಿ ನಿಲ್ಲಿಸುತ್ತದೆ. ಹೆಚ್ಚಿನ ಹಾರ್ಡ್‌ಡಿಸ್ಕುಗಳ ಮಿತಿ 60 ಡಿಗ್ರಿ. ಏಪ್ರಿಲ್‌ನಲ್ಲಿ ಕೋಣೆಯೇ 40 ಮುಟ್ಟುವ ನಮ್ಮ ಸೀಮೆಯಲ್ಲಿ ಮುಂದಿನ ಫ್ಯಾನ್ ಇಲ್ಲದ ಕ್ಯಾಬಿನೆಟ್ಟಿಗೆ ಆ ಗಡಿ ದೂರವಲ್ಲ. ಆದರೆ ಒಂದರ ಹಿಂದೊಂದು ಕೆಡುತ್ತಿವೆ ಎಂದರೆ ನನ್ನ ಅನುಮಾನ ಕರೆಂಟಿನ ಮೇಲೆ. ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ, ಹೆಸರಿಲ್ಲದ ಎಸ್‌ಎಂಪಿಎಸ್ ಇದ್ದರೆ ಮೊದಲು ಅದನ್ನು ಬದಲಿಸಿ, ಯುಪಿಎಸ್ ಬ್ಯಾಟರಿ ನಿಜಕ್ಕೂ ಐದು ನಿಮಿಷ ಹಿಡಿಯುತ್ತದೆಯೇ ಎಂದು ಪ್ಲಗ್ ಕಿತ್ತು ನೋಡಿ. ಆ ಪರೀಕ್ಷೆಯನ್ನು ಟ್ಯಾಲಿ ಮುಚ್ಚಿ ಮಾಡಿ.

ಮುಂದಿನ ಡಿಸ್ಕ್ ಹಾಕಿದ ದಿನವೇ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ತಾಪ, ಓಡಿದ ತಾಸು ಎರಡೂ ಕಾಣುತ್ತವೆ. ರಿಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲುಗಳಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಬಂದು ಏರುತ್ತಿದ್ದರೆ ಡಿಸ್ಕ್ ಹೊರಟಿದೆ ಎಂದರ್ಥ. ಸಿಆರ್‌ಸಿ ಎರರ್ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಕೇಬಲನ್ನು ಅನುಮಾನಿಸಿ. ಎಷ್ಟೋ ಒಳ್ಳೆಯ ಡಿಸ್ಕುಗಳು ಕೇಬಲಿನ ತಪ್ಪಿಗೆ ಗುಜರಿಗೆ ಹೋಗಿವೆ.

ಈಗ ಟಿಕ್ ಟಿಕ್ ಅನ್ನುತ್ತಿರುವುದರಲ್ಲಿ ಟ್ಯಾಲಿ ಡೇಟಾ ಬೇರೆಲ್ಲೂ ಇಲ್ಲವಾದರೆ ಈ ಪತ್ರ ಓದಿದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ. ವಿಂಡೋಸಿನ ಡಿಸ್ಕ್ ಪರೀಕ್ಷೆ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯುತ್ತಿರುವ ಡಿಸ್ಕಿಗೆ ಅದು ಕೊನೆಯ ಏಟು. ಫ್ರಿಜ್ಜಿನಲ್ಲಿಟ್ಟು ನೋಡುವ, ಮುಚ್ಚಳ ಬಿಚ್ಚಿ ನೋಡುವ ಪ್ರಯೋಗವೂ ಬೇಡ. ಕಳೆದ ತಿಂಗಳ ಬ್ಯಾಕಪ್ ಆಡಿಟರ್ ಹತ್ತಿರ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಅದರಿಂದ ಮುಂದಿನ ಎಂಟ್ರಿಗಳನ್ನು ಬಿಲ್ ನೋಡಿ ಮತ್ತೆ ಹಾಕುವುದೇ ಅಗ್ಗ. ಇಲ್ಲದಿದ್ದರೆ ಡಿಸ್ಕನ್ನು ಹಾಗೆಯೇ ಬಿಚ್ಚಿ, ದಪ್ಪ ಸ್ಪಂಜಿನಲ್ಲಿ ಸುತ್ತಿ, ಡೇಟಾ ರಿಕವರಿಗೆಂದೇ ಸ್ವಚ್ಛ ಕೋಣೆ ಇಟ್ಟುಕೊಂಡವರಿಗೆ ಒಯ್ಯಿರಿ. ಎಷ್ಟು ಖರ್ಚಾಗುತ್ತದೆ, ಡೇಟಾ ಸಿಗದಿದ್ದರೂ ಹಣ ಕೊಡಬೇಕೇ ಎಂಬುದನ್ನು ಡಿಸ್ಕ್ ಕೈಗೆ ಕೊಡುವ ಮುಂಚೆಯೇ ಬರಹದಲ್ಲಿ ಪಡೆಯಿರಿ.