ಸಂಪಾದಕರ ಉತ್ತರ: ನೊಂದವರಿಗೆ ಕಾರಣ ಹೇಳುವ ಹಕ್ಕು ಯಾರಿಗಿದೆ?

ಮಾನ್ಯರೆ,

ಬೈಬಲಿನ ಯೋಬನ ಕಥೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ನೀವು ಬರೆದ ಪತ್ರ ಕೈಸೇರಿದೆ. ಎಳೆಯ ಮಗುವನ್ನು ಕಳೆದುಕೊಂಡ ನಿಮ್ಮ ಬಂಧುಗಳ ಮನೆಗೆ ಬಂದವರಲ್ಲಿ ಹಲವರು ‘ಮಾಡಿದ್ದುಣ್ಣೋ ಮಹರಾಯ’ ಎಂಬರ್ಥದ ಮಾತನ್ನೇ ಆಡಿ ಹೋದರೆಂದೂ, ಅದನ್ನು ಕೇಳಿ ಆ ತಾಯಿ ಯಾರ ಮುಂದೆಯೂ ಬರಲೊಲ್ಲದಾದರೆಂದೂ ತಿಳಿಸಿದ್ದೀರಿ. ಯಹೂದಿ ಧರ್ಮವೂ ಸಂಕಟವನ್ನು ಪಾಪದ ಫಲವೆಂದೇ ಹೇಳುತ್ತದೆಯೆ, ಹಾಗಿದ್ದರೆ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದ ಮೇಲೂ ಉಳಿದವರು ಅದೇ ದೇವರನ್ನು ಪ್ರಾರ್ಥಿಸುವುದು ಆತ್ಮವಂಚನೆಯಲ್ಲವೆ ಎಂಬುದು ನಿಮ್ಮ ಪ್ರಶ್ನೆ. ಅಂಥ ಮನೆಗೆ ಹೋದಾಗ ಏನು ಹೇಳಬೇಕೆಂದೂ ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ‘ಇಲ್ಲ’ ಎಂದುಬಿಟ್ಟರೆ ಅದು ಸುಳ್ಳಾಗುತ್ತದೆ. ಆಜ್ಞೆಗಳನ್ನು ಪಾಲಿಸಿದರೆ ಮಳೆಬೆಳೆ, ಮೀರಿದರೆ ರೋಗ, ಬರ, ಸೆರೆ ಎಂದು ಯಹೂದಿಗಳ ಧರ್ಮಶಾಸ್ತ್ರವಾದ ತೋರಾಕ್ಕೆ ಸೇರಿದ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯ ನೇರವಾಗಿ ಸಾರುತ್ತದೆ. ಜೆರುಸಲೇಮಿನ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬಾಬಿಲೋನಿನವರೂ ಕ್ರಿ.ಶ. 70ರಲ್ಲಿ ರೋಮನ್ನರೂ ಕೆಡವಿದರು. ‘ನಮ್ಮ ಪಾಪಗಳಿಂದಾಗಿ ನಾವು ನಮ್ಮ ನಾಡಿನಿಂದ ಹೊರಹಾಕಲ್ಪಟ್ಟೆವು’ ಎಂಬ ಮಾತು ಹಬ್ಬದ ದಿನಗಳ ಪ್ರಾರ್ಥನೆಯಲ್ಲಿ ಇಂದಿಗೂ ಇದೆ. ಆದರೆ ಇದು ಒಂದು ಸಮುದಾಯ ತನ್ನನ್ನು ಕುರಿತು ತಾನೇ ಮಾಡಿಕೊಳ್ಳುವ ನಿವೇದನೆ. ಸೋತ ಜನ ತಮ್ಮ ದೇವರೂ ಸೋತನೆಂದು ಒಪ್ಪಿಕೊಳ್ಳದೆ, ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಆ ಸಂಬಂಧವನ್ನು ಉಳಿಸಿಕೊಂಡ ರೀತಿ ಅದು. ಪಕ್ಕದ ಮನೆಯವನ ಕಣ್ಣೀರಿಗೆ ಕಾರಣ ಹುಡುಕಲು ಅದೇ ಮಾತನ್ನು ಬಳಸುವುದು ಬೇರೆಯೇ ಕೆಲಸ, ಮತ್ತು ಅದನ್ನು ಯಹೂದಿ ಗ್ರಂಥಗಳು ಖಂಡಿಸಿದಷ್ಟು ಕಟುವಾಗಿ ಬೇರೆ ಯಾರೂ ಖಂಡಿಸಿದ್ದನ್ನು ನಾನು ಓದಿಲ್ಲ.

ಯೋಬನ ಗ್ರಂಥದ ತಿರುಳೇ ಈ ಖಂಡನೆ. ಊಚ್ ದೇಶದ ಯೋಬ ನಿರ್ದೋಷಿಯೆಂದು ಗ್ರಂಥದ ಮೊದಲ ವಾಕ್ಯದಲ್ಲೇ ಓದುಗರಿಗೆ ತಿಳಿದುಹೋಗುತ್ತದೆ. ಆಸ್ತಿ, ಹತ್ತು ಮಕ್ಕಳು, ಆರೋಗ್ಯ ಎಲ್ಲವೂ ಹೋದಾಗ ಎಲೀಫಜ, ಬಿಲ್ದದ, ಚೋಫರ ಎಂಬ ಗೆಳೆಯರು ಬಂದು, ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ತೆರೆದು, ಅವನು ಏನೋ ಪಾಪ ಮಾಡಿರಲೇಬೇಕೆಂದು ಅಧ್ಯಾಯದಿಂದ ಅಧ್ಯಾಯಕ್ಕೆ ವಾದಿಸುತ್ತಾರೆ. ಅವರು ಆಡುವುದೆಲ್ಲ ದೇವರ ಪರವಾದ ಮಾತೇ. ದೇವರನ್ನು ಅನ್ಯಾಯಗಾರನೆಂದು ದೂರುವವನು ಯೋಬ. ಆದರೂ ಕೊನೆಯ ಅಧ್ಯಾಯದಲ್ಲಿ ದೇವರು ಎಲೀಫಜನ ಮೇಲೆಯೇ ಕೋಪಗೊಂಡು, ತನ್ನ ವಿಷಯದಲ್ಲಿ ಸರಿಯಾದುದನ್ನು ನುಡಿದವನು ಯೋಬನೇ ಹೊರತು ನೀವಲ್ಲ ಎನ್ನುತ್ತಾನೆ. ಅದಕ್ಕೆ ಮುಂಚೆ ಬಿರುಗಾಳಿಯೊಳಗಿಂದ ದೇವರು ಆಡುವ ದೀರ್ಘ ಮಾತಿನಲ್ಲಿ ಸಮುದ್ರವಿದೆ, ನಕ್ಷತ್ರಗಳಿವೆ, ಕಾಡುಮೇಕೆ ಮರಿಹಾಕುವ ಕಾಲದ ಪ್ರಸ್ತಾಪವಿದೆ, ಯೋಬನ ಮಕ್ಕಳು ಏಕೆ ಸತ್ತರೆಂಬ ಕಾರಣ ಮಾತ್ರ ಇಲ್ಲ. ಇದು ಉತ್ತರವೇ ಅಲ್ಲ ಎಂದು ನೀವು ಬರೆದಿದ್ದೀರಿ. ನನಗೂ ಹಾಗೆಯೇ ಅನ್ನಿಸುತ್ತದೆ, ಮತ್ತು ಗ್ರಂಥಕರ್ತ ಅದನ್ನು ಉತ್ತರವೆಂದು ನಟಿಸದೆ ಬಿಟ್ಟದ್ದು ಅವನ ಪ್ರಾಮಾಣಿಕತೆ ಎಂದು ನಾನು ತಿಳಿದಿದ್ದೇನೆ.

ಈ ತೀರ್ಪು ಮುಂದೆ ಕಾನೂನಾಯಿತು. ಯಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನ ‘ಬಾವಾ ಮೆತ್ಸಿಯಾ’ ಭಾಗದಲ್ಲಿ ವ್ಯಾಪಾರದ ಮೋಸವನ್ನು ಚರ್ಚಿಸುವ ಅಧ್ಯಾಯವೊಂದಿದೆ. ಸರಕಿನ ಬೆಲೆಯಲ್ಲಿ ವಂಚನೆ ಇರುವಂತೆ ಮಾತಿನಲ್ಲೂ ವಂಚನೆ ಇದೆಯೆಂದು ಹೇಳಿ ಅಲ್ಲಿನ ಪಂಡಿತರು ಉದಾಹರಣೆಗಳನ್ನು ಕೊಡುತ್ತಾರೆ: ಕೊಳ್ಳುವ ಮನಸ್ಸಿಲ್ಲದೆ ಅಂಗಡಿಯವನಲ್ಲಿ ಬೆಲೆ ವಿಚಾರಿಸಬಾರದು, ತಪ್ಪು ತಿದ್ದಿಕೊಂಡವನಿಗೆ ಅವನ ಹಳೆಯ ನಡತೆಯನ್ನು ಎತ್ತಿ ಆಡಬಾರದು. ಅದೇ ಸಾಲಿನಲ್ಲಿ, ಯಾತನೆಯೋ ರೋಗವೋ ಬಂದವನಿಗೆ, ಮಕ್ಕಳನ್ನು ಮಣ್ಣು ಮಾಡಿದವನಿಗೆ, ಯೋಬನ ಗೆಳೆಯರು ಯೋಬನಿಗೆ ಹೇಳಿದಂತೆ ಹೇಳಕೂಡದು ಎಂದಿದೆ. ಹಣದ ವಂಚನೆಗಿಂತ ಮಾತಿನ ವಂಚನೆ ದೊಡ್ಡದು, ಏಕೆಂದರೆ ಹಣವನ್ನು ಹಿಂದಿರುಗಿಸಬಹುದು ಎಂದೂ ಅಲ್ಲಿಯೇ ಬರುತ್ತದೆ. ಸಂಕಟದ ಬಗ್ಗೆ ಸಿದ್ಧಾಂತ ಕಟ್ಟಲು ಈ ಸಂಪ್ರದಾಯ ಪಂಡಿತರಿಗೆ ಅಡ್ಡಿಮಾಡಲಿಲ್ಲ. ಆ ಸಿದ್ಧಾಂತವನ್ನು ಹೊತ್ತುಕೊಂಡು ನೊಂದವರ ಮನೆಗೆ ಹೋಗುವುದನ್ನು ನಿಷೇಧಿಸಿತು. ನಿಮ್ಮ ಪತ್ರಕ್ಕೆ ನಾನು ಕೊಡಬಹುದಾದ ಮುಖ್ಯ ಉತ್ತರ ಇದೇ. ಇನ್ನು ಸಿದ್ಧಾಂತದ ಮಟ್ಟದಲ್ಲಾದರೂ ಒಮ್ಮತವಿದೆಯೆ ಎಂದರೆ ಅದೂ ಇಲ್ಲ: ಪಾಪವಿಲ್ಲದೆ ಸಾವಿಲ್ಲ ಎಂದು ರಬ್ಬಿ (ಯಹೂದಿ ಧರ್ಮಗುರು) ಅಮ್ಮಿ ಹೇಳಿದ ಮಾತನ್ನು ತಾಲ್ಮುದ್ ಪರೀಕ್ಷಿಸಿ, ಪಾಪವಿಲ್ಲದೆಯೂ ಸಾವು ಉಂಟು, ಅಪರಾಧವಿಲ್ಲದೆಯೂ ಯಾತನೆ ಉಂಟು ಎಂದು ತೀರ್ಮಾನಿಸಿ, ಅದನ್ನು ತಳ್ಳಿಹಾಕುತ್ತದೆ.

‘ಪ್ರೀತಿಯ ಯಾತನೆ’ ಎಂಬ ಇನ್ನೊಂದು ಕಲ್ಪನೆಯೂ ಅವರಲ್ಲಿ ಇತ್ತು. ದೇವರು ತನಗೆ ಪ್ರಿಯರಾದವರಿಗೇ ಕಷ್ಟ ಕೊಟ್ಟು, ಅದಕ್ಕೆ ಪ್ರತಿಫಲವನ್ನೂ ಇಡುತ್ತಾನೆ ಎಂಬುದು ಅದರ ಸಾರ. ‘ಬೆರಖೋತ್’ ಭಾಗದಲ್ಲಿ ಈ ಚರ್ಚೆ ನಡೆಯುತ್ತಿರುವಾಗಲೇ ಕೆಲವು ಪ್ರಸಂಗಗಳು ಬರುತ್ತವೆ. ಮೂರನೆಯ ಶತಮಾನದ ರಬ್ಬಿ ಯೋಹಾನಾನ್ ಕಾಯಿಲೆ ಬಿದ್ದಾಗ ರಬ್ಬಿ ಹನೀನಾ ನೋಡಲು ಹೋಗಿ, ‘ಈ ಯಾತನೆ ನಿನಗೆ ಪ್ರಿಯವೆ?’ ಎಂದು ಕೇಳುತ್ತಾನೆ. ‘ಅದೂ ಬೇಡ, ಅದರ ಪ್ರತಿಫಲವೂ ಬೇಡ’ ಎಂಬ ಉತ್ತರ ಬರುತ್ತದೆ. ‘ಕೈ ಕೊಡು’ ಎಂದು ಹನೀನಾ ಕೈ ಹಿಡಿದು ಎಬ್ಬಿಸುತ್ತಾನೆ. ಹಿಂದೆ ಬೇರೊಬ್ಬ ರೋಗಿಯನ್ನು ಹೀಗೆಯೇ ಎಬ್ಬಿಸಿದ್ದ ಯೋಹಾನಾನ್ ತನ್ನನ್ನು ತಾನೇ ಏಕೆ ಎಬ್ಬಿಸಿಕೊಳ್ಳಲಿಲ್ಲ ಎಂಬ ಪ್ರಶ್ನೆಗೆ, ಸೆರೆಯಾಳು ತನ್ನನ್ನು ತಾನು ಸೆರೆಯಿಂದ ಬಿಡಿಸಿಕೊಳ್ಳಲಾರ ಎಂದು ತಾಲ್ಮುದ್ ಹೇಳುತ್ತದೆ. ಈ ಯೋಹಾನಾನ್ ಹತ್ತು ಮಕ್ಕಳನ್ನು ಕಳೆದುಕೊಂಡಿದ್ದವನು, ಹತ್ತನೆಯ ಮಗನ ಮೂಳೆಯೊಂದನ್ನು ತನ್ನೊಂದಿಗೆ ಇಟ್ಟುಕೊಂಡಿದ್ದವನು. ಕತ್ತಲ ಕೋಣೆಯಲ್ಲಿ ಮಲಗಿ ಅಳುತ್ತಿದ್ದ ರಬ್ಬಿ ಎಲಾಜಾರನಿಗೆ ಅವನು ಮೊದಲು ಸಮಾಧಾನಗಳನ್ನೆಲ್ಲ ಹೇಳಿ ನೋಡುತ್ತಾನೆ. ಮಣ್ಣಲ್ಲಿ ಕೊಳೆಯಲಿರುವ ನಿನ್ನ ಈ ಚೆಲುವನ್ನು ನೆನೆದು ಅಳುತ್ತಿದ್ದೇನೆ ಎಂದು ಎಲಾಜಾರ್ ಹೇಳಿದ ಮೇಲೆ, ಅದಕ್ಕೆ ಅಳುವುದು ನ್ಯಾಯವೇ ಎಂದು ಇಬ್ಬರೂ ಕೂಡಿ ಅಳುತ್ತಾರೆ. ಪ್ರತಿಫಲದ ಸಿದ್ಧಾಂತವನ್ನು ವಿವರಿಸಿದ ಪುಟದ ಹಿಂಬದಿಯಲ್ಲೇ ಅದನ್ನು ನಿರಾಕರಿಸಿದ ರೋಗಿಯ ಮಾತನ್ನು ಅಳಿಸದೆ ಉಳಿಸಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ನೊಂದವರ ಮನೆಗೆ ಹೋದಾಗ ಏನು ಹೇಳಬೇಕೆಂಬ ನಿಮ್ಮ ಪ್ರಶ್ನೆಗೆ ಯಹೂದಿಗಳ ರೂಢಿಯಲ್ಲಿ ಸ್ಪಷ್ಟವಾದ ಉತ್ತರವಿದೆ. ಸಾವಿನ ನಂತರ ಏಳು ದಿನ ಮನೆಯವರು ತಗ್ಗಿನ ಆಸನದಲ್ಲಿ ಕೂತಿರುತ್ತಾರೆ. ಬಂದವರು ಊಟ ತರುತ್ತಾರೆ, ಮತ್ತು ಶೋಕದಲ್ಲಿರುವವರು ಬಾಯಿ ತೆರೆಯುವ ಮುನ್ನ ತಾವು ಮಾತು ಶುರುಮಾಡುವಂತಿಲ್ಲ. ಯೋಬನ ಗೆಳೆಯರು ಆ ಮೊದಲ ಏಳು ದಿನ ಮಾಡಿದ್ದು ಮಾತ್ರ ಸರಿಯಾಗಿತ್ತೆಂದು ಈ ರೂಢಿ ಒಪ್ಪಿಕೊಂಡಂತಿದೆ. ನಿಮ್ಮ ಬಂಧುಗಳ ಮನೆಗೆ ನೀವು ಮತ್ತೆ ಹೋಗಿ. ಆ ತಾಯಿ ಮಗುವಿನ ಮಾತೆತ್ತಿದರೆ ವಿಷಯ ಬದಲಿಸಬೇಡಿ, ಎತ್ತದಿದ್ದರೆ ಸುಮ್ಮನೆ ಕೂತು ಬನ್ನಿ.

ದೇವರನ್ನು ದೂರುವುದು ಯೋಬನಿಗಷ್ಟೇ ಸೀಮಿತವಲ್ಲ. ಸೊದೋಮ್ ನಗರವನ್ನು ನಾಶಮಾಡಹೊರಟ ದೇವರಿಗೆ, ಲೋಕಕ್ಕೆಲ್ಲ ನ್ಯಾಯ ಹೇಳುವವನು ನ್ಯಾಯ ಮಾಡಬೇಡವೆ ಎಂದು ಅಬ್ರಹಾಮ ಎದುರಾಡುತ್ತಾನೆ. ಏಳು, ಏಕೆ ನಿದ್ರಿಸುತ್ತೀ ಎಂದು 44ನೆಯ ಕೀರ್ತನೆ ದೇವರನ್ನೇ ಕೂಗುತ್ತದೆ. ನಮ್ಮ ದಾಸರು ಪುರಂದರ ವಿಠಲನೊಂದಿಗೆ ಜಗಳವಾಡಿದ್ದನ್ನು ಬಲ್ಲ ಕನ್ನಡಿಗರಿಗೆ ಈ ಸಲಿಗೆ ತೀರ ಹೊಸದೇನಲ್ಲ. ಆದರೆ ದೂರು ಯಾವಾಗಲೂ ನಂಬಿಕೆಯೊಳಗೇ ನಿಲ್ಲುತ್ತದೆಂದು ಹೇಳಲಾಗದು. ತಂದೆಯ ಮಾತಿನಂತೆ ಮರ ಹತ್ತಿ, ಧರ್ಮಶಾಸ್ತ್ರದ ವಿಧಿಯಂತೆ ತಾಯಿಹಕ್ಕಿಯನ್ನು ಹಾರಿಬಿಟ್ಟು ಮರಿಗಳನ್ನು ತೆಗೆದುಕೊಂಡ ಹುಡುಗನೊಬ್ಬ ಇಳಿಯುವಾಗ ಬಿದ್ದು ಸತ್ತನಂತೆ. ಈ ಎರಡೂ ಆಜ್ಞೆಗಳಿಗೆ ದೀರ್ಘಾಯುಸ್ಸೇ ಫಲವೆಂದು ತೋರಾ ಹೇಳಿದೆ. ಅದನ್ನು ಕಂಡ ಪಂಡಿತ ಎಲಿಷಾ ಬೆನ್ ಅವೂಯಾ ನಂಬಿಕೆಯನ್ನೇ ಬಿಟ್ಟನೆಂದು ಹೇಳುತ್ತಾರೆ. ಅವನ ಶಿಷ್ಯ ರಬ್ಬಿ ಮೆಯೀರ್ ಅದಾದ ಮೇಲೂ ಗುರುವನ್ನು ಬಿಡದೆ ಅವನಿಂದ ಪಾಠ ಕೇಳುತ್ತಿದ್ದ.

ತತ್ತ್ವಜ್ಞಾನಿಗಳಲ್ಲಿ ಮೈಮೊನಿಡೀಸನ ಮಾತನ್ನಾದರೂ ಹೇಳಲೇಬೇಕು. ಮನುಷ್ಯರ ಕಷ್ಟಗಳಲ್ಲಿ ಹೆಚ್ಚಿನವು ಮನುಷ್ಯರೇ ತಂದುಕೊಂಡವು ಎಂದು ಶಾಂತವಾಗಿ ವಾದಿಸಿದ ಈ 12ನೆಯ ಶತಮಾನದ ವೈದ್ಯನ ತಮ್ಮ ದಾವೀದ್, ರತ್ನಗಳ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅದೇ ಶತಮಾನದಲ್ಲಿ ಅಬ್ರಹಾಂ ಬೆನ್ ಯೀಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡುತ್ತಿದ್ದನೆಂಬುದನ್ನು ನೆನೆದರೆ, ಆ ಕಡಲ ದಾರಿ ನಮಗೆ ದೂರದ್ದಲ್ಲ. ತಮ್ಮನ ಸುದ್ದಿ ಬಂದ ಮೇಲೆ ತಾನು ಸುಮಾರು ಒಂದು ವರ್ಷ ಹಾಸಿಗೆ ಹಿಡಿದೆನೆಂದೂ, ಎಂಟು ವರ್ಷ ಕಳೆದರೂ ಸಮಾಧಾನವಿಲ್ಲವೆಂದೂ ಮೈಮೊನಿಡೀಸ್ ಪತ್ರವೊಂದರಲ್ಲಿ ಬರೆದಿದ್ದಾನೆ. ತನ್ನ ವಾದವನ್ನು ತನ್ನ ದುಃಖಕ್ಕೆ ಮದ್ದಾಗಿ ಅವನು ಅಲ್ಲಿ ಬಳಸಲಿಲ್ಲ.

ಹೋಲೊಕಾಸ್ಟ್, ಅಂದರೆ ನಾಜಿಗಳು ನಡೆಸಿದ ಆ ಯಹೂದಿ ಹತ್ಯಾಕಾಂಡದ ವಿಷಯಕ್ಕೆ ಬಂದರೆ, ಅಲ್ಲಿ ಸತ್ತವರು ಹಿಂದಿನ ಜನ್ಮದ ಪಾಪಿಗಳೆಂದು 2000ನೇ ಇಸವಿಯಲ್ಲಿ ಇಸ್ರೇಲಿನ ಹಿರಿಯ ರಬ್ಬಿಯೊಬ್ಬರು ಹೇಳಿದ್ದುಂಟು. ಪುನರ್ಜನ್ಮದ ನಂಬಿಕೆ ಯಹೂದಿ ಅನುಭಾವಿಗಳಲ್ಲೂ ಇದೆ. ಬದುಕುಳಿದವರು ಆ ಮಾತನ್ನು ಕೇಳಿ ಕೆರಳಿದರು, ದೇಶದಲ್ಲೆಲ್ಲ ಪ್ರತಿಭಟನೆ ಎದ್ದಿತು. ನಾಜಿಗಳ ಆಶ್ವಿಟ್ಜ್ ಮರಣಶಿಬಿರದ ನಂತರ ಇತಿಹಾಸವನ್ನು ನಡೆಸುವ ದೇವರನ್ನು ನಂಬಲಾಗದೆಂದು ಅಮೆರಿಕದ ರಿಚರ್ಡ್ ರೂಬೆನ್‌ಸ್ಟೈನ್ 1966ರಲ್ಲಿ ಬರೆದರು. ಏಕೆ ಎಂಬುದನ್ನು ಬಿಟ್ಟು, ನೊಂದವನು ಈಗ ಏನು ಮಾಡಬೇಕೆಂದು ಕೇಳುವುದೇ ಯಹೂದಿ ಮಾರ್ಗ ಎಂದು ರಬ್ಬಿ ಜೋಸೆಫ್ ಸೊಲೊವೈಚಿಕ್ 1956ರ ಭಾಷಣದಲ್ಲಿ ಹೇಳಿದ್ದರು.

ನನಗೆ ಇವರೆಲ್ಲರಿಗಿಂತ ಹತ್ತಿರವಾದವರು ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ಘೆಟ್ಟೋದಲ್ಲಿದ್ದ ರಬ್ಬಿ ಕಲೊನಿಮುಸ್ ಕಲ್ಮನ್ ಶಪೀರಾ. 1939ರ ಸೆಪ್ಟೆಂಬರಿನ ಬಾಂಬ್ ದಾಳಿಯಲ್ಲಿ ಅವರ ಒಬ್ಬನೇ ಮಗ ಗಾಯಗೊಂಡು ಸತ್ತ. ಆಮೇಲೂ 1942ರವರೆಗೆ ಅವರು ಘೆಟ್ಟೋದಲ್ಲಿ ಉಪದೇಶ ಮಾಡಿ, ಅದನ್ನು ಬರೆದಿಟ್ಟರು. ಮನುಷ್ಯರ ಯಾತನೆಗಾಗಿ ದೇವರು ಒಳಕೋಣೆಯಲ್ಲಿ ಅಳುತ್ತಾನೆ ಎಂಬ ತಾಲ್ಮುದ್‌ನ ಮಾತನ್ನು ಅವರು ವಿಸ್ತರಿಸಿದರು. ಇಂಥ ಕಷ್ಟಗಳನ್ನು ನಮ್ಮ ಹಿರಿಯರೂ ಕಂಡಿದ್ದರೆಂದು ಮೊದಲು ಧೈರ್ಯ ಹೇಳಿದ್ದ ಅವರು, ಘೆಟ್ಟೋದ ಜನರನ್ನು ಟ್ರೆಬ್ಲಿಂಕಾ ಮರಣಶಿಬಿರಕ್ಕೆ ಸಾಗಿಸಿದ 1942ರ ಬೇಸಿಗೆಯ ನಂತರ, ಇಂಥದ್ದು ಎಂದೂ ಆಗಿರಲಿಲ್ಲ ಎಂಬ ಟಿಪ್ಪಣಿಯನ್ನು ತಮ್ಮ ಹಳೆಯ ಉಪದೇಶಕ್ಕೇ ಸೇರಿಸಿದರು. 1943ರಲ್ಲಿ ನಾಜಿಗಳು ಅವರನ್ನು ಕೊಂದರು. ಹೂತಿಟ್ಟಿದ್ದ ಕಾಗದಗಳು ಯುದ್ಧದ ನಂತರ ದೊರೆತವು. ಸಾಕ್ಷ್ಯ ಬದಲಾದಾಗ ತನ್ನ ಸಮಾಧಾನದ ಮಾತನ್ನೇ ತಿದ್ದಿಕೊಂಡು, ಆದರೂ ಪ್ರಾರ್ಥನೆ ಬಿಡದ ಮನುಷ್ಯನನ್ನು ಆತ್ಮವಂಚಕನೆಂದು ಕರೆಯಲು ನನಗೆ ಸಾಧ್ಯವಿಲ್ಲ. ಪ್ರಾರ್ಥನೆ ಬಿಟ್ಟವರನ್ನು ದೂಷಿಸುವ ಅಧಿಕಾರವೂ ನಮಗಿಲ್ಲ.

ಸ್ಥಳಾಭಾವದಿಂದ ಲೇಖನದಲ್ಲಿ ಯೋಬನ ದೂರುಗಳನ್ನು ಒಂದೆರಡು ವಾಕ್ಯಗಳಿಗೆ ಇಳಿಸಬೇಕಾಯಿತು. ಕನ್ನಡ ಬೈಬಲಿನಲ್ಲಿ ಆ ಗ್ರಂಥದ 3ನೆಯ ಅಧ್ಯಾಯದಿಂದ 31ನೆಯದರವರೆಗೆ ನೀವೇ ಓದಬೇಕೆಂದು ಕೋರುತ್ತೇನೆ. ಓದಿದ ಮೇಲೆ ಭಿನ್ನಾಭಿಪ್ರಾಯವಿದ್ದರೆ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ