ಬಾಡಿಗೆದಾರರಿಗೆ ಮಲ ಪರೀಕ್ಷೆ ಮಾಡಿಸಬೇಕೇ?

ಪ್ರಶ್ನೆ: ನಮ್ಮ ವಠಾರದ ಆರು ಕೋಣೆಗಳನ್ನು ಒಡಿಶಾ, ಬಿಹಾರದಿಂದ ಇಟ್ಟಿಗೆ ಗೂಡಿನ ಕೆಲಸಕ್ಕೆ ಬಂದವರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ವಲಸಿಗರ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತದೆಂದು ಮೊಬೈಲ್‌ನಲ್ಲಿ ಓದಿದ ಪಕ್ಕದ ಮನೆಯವರು, ಅವರನ್ನು ಖಾಲಿ ಮಾಡಿಸಿ ಎನ್ನುತ್ತಿದ್ದಾರೆ. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಎಲ್ಲರಿಗೂ ಪರೀಕ್ಷೆ ಮಾಡಿಸಲೇ?
– ಓದುಗರು, ಮಾಲೂರು

ಉತ್ತರ: ಬೇಡ. ಮಾಡಿಸಲೇಬೇಕೆಂದರೆ ಪಕ್ಕದ ಮನೆಯವರಿಂದಲೇ ಶುರು ಮಾಡಿ.

ಇಂಥ ಸುದ್ದಿಗಳಿಗೆ ಆಧಾರವಾಗಿ ಸಾಮಾನ್ಯವಾಗಿ ತೋರಿಸುವುದು 2018ರಲ್ಲಿ ‘ಲ್ಯಾನ್ಸೆಟ್ ಇನ್ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಬಂದ ಲೇಖನವನ್ನು. ಅದು ಯುರೋಪಿಗೆ ಹೋದ ವಲಸಿಗರ ಕುರಿತ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತ್ತು. ನಾಲ್ವರಲ್ಲಿ ಒಬ್ಬರ ಬಳಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿದ್ದು ನಿಜ. ಆದರೆ ನಿರಾಶ್ರಿತರಲ್ಲಿ ಇದು ಶೇ 33, ಉಳಿದ ವಲಸಿಗರಲ್ಲಿ ಶೇ 6.6 ಮಾತ್ರ. ಇಬ್ಬರೂ ಹೊರಗಿನಿಂದ ಬಂದವರೇ. ವ್ಯತ್ಯಾಸವಿದ್ದದ್ದು ಬಹುಶಃ ಅವರು ತಂಗಿದ ಜಾಗದಲ್ಲಿ, ಇಕ್ಕಟ್ಟಿನಲ್ಲಿ, ಕೈಗೆ ಸಿಗದ ಚಿಕಿತ್ಸೆಯಲ್ಲಿ. ಸ್ಥಳೀಯರಿಗೆ ಅವರಿಂದ ದೊಡ್ಡ ಪ್ರಮಾಣದಲ್ಲಿ ಹರಡಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂಬ ಸಾಲೂ ಅಲ್ಲಿದೆ. ಮೊಬೈಲ್‌ವರೆಗೆ ಬರುವಷ್ಟರಲ್ಲಿ ಆ ಸಾಲು ಕಳೆದುಹೋಗುತ್ತದೆ.

ಇನ್ನೊಂದನ್ನು ನಿಮ್ಮ ನೆರೆಯವರಿಗೆ ಓದಿ ಹೇಳಿ. ನೆದರ್ಲೆಂಡ್ಸ್‌ನ ಪ್ರವಾಸಿಗರ ಮಲವನ್ನು ಪ್ರವಾಸಕ್ಕೆ ಮುಂಚೆ ಮತ್ತು ನಂತರ ಪರೀಕ್ಷಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಹೊರಡುವಾಗ ಇಂಥ ಬ್ಯಾಕ್ಟೀರಿಯಾ ಇಲ್ಲದಿದ್ದವರಲ್ಲಿ, ದಕ್ಷಿಣ ಏಷ್ಯಾ ಸುತ್ತಿ ಬಂದ ನೂರಕ್ಕೆ 75 ಮಂದಿಯ ಕರುಳಲ್ಲಿ ಅದು ಸೇರಿಕೊಂಡಿತ್ತು. ಅಂದರೆ ಅದು ಬಿಹಾರದ ರೈಲು ಹತ್ತಿ ಬಂದದ್ದಲ್ಲ; ನಮ್ಮೆಲ್ಲರ ನೀರು, ಊಟದಲ್ಲಿ ಮೊದಲೇ ಇದೆ.

ಇದ್ದಮಾತ್ರಕ್ಕೆ ಕಾಯಿಲೆಯೂ ಅಲ್ಲ. ಕರುಳಲ್ಲಿರುವ ಇ-ಕೋಲೈ ಎಂಬ ಬ್ಯಾಕ್ಟೀರಿಯಾ ಮೂತ್ರನಾಳಕ್ಕೋ ಗಾಯಕ್ಕೋ ಹೊಕ್ಕಾಗ ತೊಂದರೆ. ಆ ಡಚ್ ಪ್ರವಾಸಿಗರಲ್ಲಿ ಅರ್ಧದಷ್ಟು ಜನ ಊರು ಸೇರಿದ ಒಂದು ತಿಂಗಳಲ್ಲಿ ಅದನ್ನು ಕಳೆದುಕೊಂಡರು. ಶೌಚಾಲಯ ಕೊಳಕಿರುವಲ್ಲಿ ಹೋದದ್ದು ಮತ್ತೆ ಬರುತ್ತದೆ. ‘ಹೊಟ್ಟೆ ತೊಳೆಯಲು’ ಮಾತ್ರೆ ಕೊಡಿಸುವ ಯೋಚನೆ ಮಾತ್ರ ಬೇಡ. ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಬಗ್ಗದವಕ್ಕೆ ಜಾಗ ಸಿಗುತ್ತದೆ.

ನೀವು ಬರೆಯದೆ ಬಿಟ್ಟದ್ದೊಂದಿದೆ: ಆರು ಕೋಣೆಗೆ ಶೌಚಾಲಯ ಎಷ್ಟು? ಶೌಚದ ಗುಂಡಿ ಕೊಳವೆಬಾವಿಯ ಪಕ್ಕದಲ್ಲೇ ಇದೆಯೇ, ನೀರಿನ ಸಂಪ್‌ಗೆ ಮುಚ್ಚಳವಿದೆಯೇ, ನಲ್ಲಿಯ ಬಳಿ ಸೋಪು ಇದೆಯೇ? ಬಾಡಿಗೆ ವಸೂಲಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ಇನ್ನು ಮೆಡಿಕಲ್ ಸ್ಟೋರ್. ಬಗ್ಗದ ಬ್ಯಾಕ್ಟೀರಿಯಾಕ್ಕೆ ಜಾಗ ಸಿಗುವುದು ಅಲ್ಲಿಂದಲೂ. ಗೂಡಿನ ಕೆಲಸಗಾರನಿಗೆ ಒಂದು ದಿನ ಮಲಗಿದರೆ ಕೂಲಿ ಇಲ್ಲ. ಮೇಸ್ತ್ರಿ ಎರಡು ಆ್ಯಂಟಿಬಯಾಟಿಕ್ ಮಾತ್ರೆ ತರಿಸಿ ಕೊಡುತ್ತಾನೆ, ಜ್ವರ ಇಳಿದರೆ ಅಲ್ಲಿಗೆ ಮುಗಿಯಿತು. ಹಲವು ಪ್ರಬಲ ಆ್ಯಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರಬಾರದು, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮ 2014ರಿಂದ ಇದೆ. ನೆಗಡಿಗೂ ಆ್ಯಂಟಿಬಯಾಟಿಕ್ ಕೇಳುವ ನಮ್ಮವರಿಗೂ ಆ ನಿಯಮ ನೆನಪಿಲ್ಲ.

ಮೊಮ್ಮಗಳಿಗೆ ಕುದಿಸಿ ಆರಿಸಿದ ನೀರು ಕೊಡಿ, ಊಟಕ್ಕೆ ಮೊದಲು ಕೈ ತೊಳೆಸಿ. ಜ್ವರದ ಜೊತೆ ಮೂತ್ರ ಮಾಡುವಾಗ ಅಳುತ್ತಿದ್ದರೆ, ಆ್ಯಂಟಿಬಯಾಟಿಕ್ ಶುರು ಮಾಡುವ ಮೊದಲೇ ಮೂತ್ರದ ಕಲ್ಚರ್ ಪರೀಕ್ಷೆಗೆ (ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವುದು) ಕಳಿಸುವಂತೆ ವೈದ್ಯರನ್ನು ಕೇಳಿ.