ಬೆಕ್ಕಿನ ಕಣ್ಣಿನ ಮಗಳು

ಪ್ರಶ್ನೆ: ನನ್ನ ಮತ್ತು ನಮ್ಮ ಯಜಮಾನರ ಕಣ್ಣು ಕಪ್ಪು. ಎರಡು ವರ್ಷದ ಮಗಳ ಕಣ್ಣು ಮಾತ್ರ ಜೇನುಬಣ್ಣದ್ದು. ಓಣಿಯವರು ಏನೇನೋ ಆಡಿಕೊಳ್ಳುತ್ತಾರೆ. ಇದು ಹೇಗೆ ಸಾಧ್ಯ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸಹೋದರಿ, ಆಡಿಕೊಳ್ಳುವವರ ಮಾತಿಗೆ ವಿಜ್ಞಾನದ ಆಧಾರವಿಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಮಗುವನ್ನು ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂರಿಸಿಕೊಂಡು ನಿಮ್ಮ ಯಜಮಾನರ ಕಣ್ಣನ್ನೂ ಹತ್ತಿರದಿಂದ ನೋಡಿ. ಕಪ್ಪೆಂದು ನಾವು ಕರೆಯುವ ಕಣ್ಣು ವಾಸ್ತವದಲ್ಲಿ ದಟ್ಟ ಕಂದು. ಪಾಪೆಯ ಸುತ್ತಲಿನ ವರ್ಣಪಟಲದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚಿದ್ದರೆ ಕಣ್ಣು ಕಪ್ಪಾಗಿಯೂ, ಕಡಿಮೆಯಿದ್ದರೆ ಜೇನು ಅಥವಾ ಹಸಿರು ಬಣ್ಣದ್ದಾಗಿಯೂ ಕಾಣುತ್ತದೆ. ನೀಲಿ ಕಣ್ಣಿನಲ್ಲಿ ನೀಲಿ ವರ್ಣದ್ರವ್ಯವೇ ಇರುವುದಿಲ್ಲ; ಆಕಾಶದಂತೆ ಅದೂ ಬೆಳಕು ಚದುರುವುದರಿಂದ ಹಾಗೆ ಕಾಣುತ್ತದೆ.

ಕಂದು ಪ್ರಬಲ, ನೀಲಿ ದುರ್ಬಲ, ಒಂದೇ ವಂಶವಾಹಿಯ ಆಟ ಎಂಬ ಶಾಲೆಯ ಪಾಠ ಈಗ ಸಾಲದು. 15ನೆಯ ವರ್ಣತಂತುವಿನಲ್ಲಿರುವ ಓಸಿಎ2 ವಂಶವಾಹಿ ಮೆಲನಿನ್ ತಯಾರಿಕೆಗೆ ನೆರವಾಗುತ್ತದೆ. ಪಕ್ಕದ ಹರ್ಕ್2 ವಂಶವಾಹಿಯೊಳಗಿನ ಒಂದು ತುಣುಕು ಅದನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್ಚಿನಂತೆ ವರ್ತಿಸುತ್ತದೆ. ಇವೆರಡರ ಪಾತ್ರ ದೊಡ್ಡದಾದರೂ, 2021ರಲ್ಲಿ ಸುಮಾರು 1,95,000 ಜನರನ್ನು ಒಳಗೊಂಡ ಅಧ್ಯಯನವು ಕಣ್ಣಿನ ಬಣ್ಣಕ್ಕೆ ಸಂಬಂಧಿಸಿದ 50 ಹೊಸ ತಾಣಗಳನ್ನು ವಂಶವಾಹಿಗಳಲ್ಲಿ ಗುರುತಿಸಿತು. ಹೀಗಾಗಿ ನಿಮ್ಮಿಬ್ಬರಲ್ಲೂ ತೋರದೆ ಅಡಗಿದ್ದ ಗುಣಗಳು ಮಗಳಲ್ಲಿ ಒಟ್ಟುಗೂಡಿ ತಿಳಿಬಣ್ಣ ತಂದಿರಬಹುದು. ಮುತ್ತಜ್ಜಿಯ ಕಣ್ಣು ಹೇಗಿತ್ತೆಂದು ಮನೆಯ ಹಿರಿಯರನ್ನು ಕೇಳಿನೋಡಿ.

ಆದರೆ ಬೆಳಕಿಗೆ ಕಣ್ಣು ಬಿಡಲಾಗದಿದ್ದರೆ, ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಅಥವಾ ಎರಡು ಕಣ್ಣುಗಳ ಬಣ್ಣ ಬೇರೆಯಾಗುತ್ತಿದ್ದರೆ ತಡಮಾಡದೆ ನೇತ್ರವೈದ್ಯರಿಗೆ ತೋರಿಸಿ.